ಜುಮ್ ಎನ್ನುವ ಗ್ರೈಂಡರ್: ಪೋಷಕರಿಗೊಂದು ಪತ್ರ

ಬದಿಯಡ್ಕ, ಜೂನ್ ತಿಂಗಳು

ಪ್ರಿಯ ಪೋಷಕರೇ,

ನಮಸ್ಕಾರ. ಮೊನ್ನೆ ಏಳನೇ ತರಗತಿಯಲ್ಲಿ ವಿದ್ಯುತ್ತಿನ ಪಾಠ ಮಾಡುವಾಗ “ಮನೆಯಲ್ಲಿ ಯಾವುದನ್ನು ಮುಟ್ಟಿದರೆ ಜುಮ್ ಎನ್ನುತ್ತದೆ?” ಎಂದು ಕೇಳಿದೆ. ಗ್ರೈಂಡರ್, ಫ್ರಿಜ್, ಬಾವಿಯ ಪಂಪು, ಕೊಟ್ಟಿಗೆಯ ಹುಲ್ಲು ಕತ್ತರಿಸುವ ಯಂತ್ರ, ಹೀಗೆ ಪಟ್ಟಿ ಬೆಳೆಯುತ್ತಲೇ ಹೋಯಿತು. “ಚಪ್ಪಲಿ ಹಾಕಿಕೊಂಡರೆ ಏನೂ ಆಗುವುದಿಲ್ಲ ಟೀಚರ್, ಅಮ್ಮ ಹೇಳಿದ್ದಾರೆ” ಎಂದಳು ಒಬ್ಬಳು. ಆ ಚಪ್ಪಲಿಯ ಸುಳ್ಳು ಧೈರ್ಯವೇ ಈ ಪತ್ರಕ್ಕೆ ಕಾರಣ.

ಒಳಗಿನ ತಂತಿಯ ಹೊದಿಕೆ ಸವೆದೋ ಪಸೆ ಹಿಡಿದೋ ಕರೆಂಟು ಯಂತ್ರದ ಮೈಗೆ ಬಂದಾಗ ಆ ಜುಮ್. ಪ್ಲಗ್ಗಿನ ಉದ್ದದ, ದಪ್ಪನೆಯ ಮೂರನೇ ಪಿನ್ನು ಇರುವುದೇ ಅದನ್ನು ಹಸಿರು ತಂತಿಯಲ್ಲಿ ಮಣ್ಣಿಗೆ ಇಳಿಸಲು. ಪಿನ್ನು ಮುರಿದಿದ್ದರೆ, ಅಂಗಳದ ಅರ್ತ್ ಗುಂಡಿಯಲ್ಲಿ ತಂತಿ ತುಕ್ಕು ತಿಂದು ತುಂಡಾಗಿದ್ದರೆ, ಕರೆಂಟಿಗೆ ಮುಟ್ಟಿದವರ ಮೈಯೇ ದಾರಿ. ನಮ್ಮ ಮುರಕಲ್ಲಿನ ನೆಲ ಬೇಸಗೆಯಲ್ಲಿ ಒಣಗಿದರೆ ಅರ್ತ್ ಸೊರಗುತ್ತದೆ; ಆಗ ಗುಂಡಿಗೆ ನಾಲ್ಕು ಕೊಡ ನೀರು ಹೊಯ್ಯಬೇಕು.

“ಎಂಸಿಬಿ ಇದೆಯಲ್ಲ” ಎನ್ನುವವರಿದ್ದಾರೆ. ಕರೆಂಟು ಮಿತಿಮೀರಿದರೆ ತಾನಾಗಿ ಬೀಳುವ ಸ್ವಿಚ್ಚು ಅದು. 16 ಆಂಪಿಯರಿನ ಎಂಸಿಬಿ ಕಾಯುವುದು ತಂತಿಯನ್ನು. ಅದರ 500ರಲ್ಲಿ ಒಂದು ಪಾಲು ಕರೆಂಟು ಸಾಕು, ಮನುಷ್ಯನ ಜೀವಕ್ಕೆ ಅಪಾಯ. ಅಷ್ಟು ಸಣ್ಣ ಸೋರಿಕೆಯನ್ನು ಹಿಡಿದು ಕರೆಂಟು ಕಡಿಯುವ ಸ್ವಿಚ್ಚೇ 30 ಮಿಲಿಆಂಪಿಯರಿನ ಇಎಲ್‌ಸಿಬಿ. ತಿಂಗಳಿಗೊಮ್ಮೆ ಅದರ ಟೆಸ್ಟ್ ಬಟನ್ ಒತ್ತಿ ನೋಡಿ, ಬೀಳದಿದ್ದರೆ ಬದಲಿಸಿ.

ಮಳೆಗಾಲದಲ್ಲಿ ಅದು ಪದೇ ಪದೇ ಬೀಳುತ್ತದೆಂದು ಕಳಚಿ ನೇರ ಜೋಡಿಸುವವರಿದ್ದಾರೆ. ಪಾಠ ಹೇಳುವ ನಾನೂ ಒಂದು ವರ್ಷ ಹಾಗೇ ಮಾಡಿಸಿದ್ದೆ. ಸೋರುತ್ತಿದ್ದದ್ದು ನಮ್ಮ ಬಚ್ಚಲಿನ ಗೀಸರ್ ಎಂದು ತಿಳಿದಾಗ ಕೈಕಾಲು ತಣ್ಣಗಾಯಿತು.

ಡ್ರಿಲ್, ಹ್ಯಾಂಡ್ ಕಟರ್‌ಗಳಲ್ಲಿ ಎರಡೇ ಪಿನ್ನಿದ್ದರೆ ಗಾಬರಿ ಬೇಡ. ಚೌಕದೊಳಗೆ ಚೌಕದ ಗುರುತಿದ್ದರೆ ಅದಕ್ಕೆ ಎರಡು ಪದರ ಇನ್ಸುಲೇಷನ್ ಇದೆ, ಅರ್ತ್ ಬೇಕಿಲ್ಲ. ಆದರೆ ಮಳೆಯಲ್ಲಿ, ಒದ್ದೆ ಕೈಯಲ್ಲಿ, ಟೇಪು ಸುತ್ತಿದ ವಯರಿನಲ್ಲಿ ಆ ರಕ್ಷಣೆ ನಂಬಬೇಡಿ. ತೋಟದವರಿಗೆ ಇನ್ನೊಂದು ಮಾತು: ಕಾರ್ಬನ್ ಫೈಬರ್ ದೋಟಿ (ಕೊಯ್ಲಿನ ಉದ್ದನೆಯ ಕೋಲು) ಲೋಹವಲ್ಲದಿದ್ದರೂ ಅದರಲ್ಲಿ ಕರೆಂಟು ಹರಿಯುತ್ತದೆ. ಕರೆಂಟು ಲೈನಿನ ಹತ್ತಿರ ಅಡಿಕೆ ಕೊಯ್ಯಲು ಅದನ್ನು ಎತ್ತಬೇಡಿ.

ಸೋಮವಾರ ಮಕ್ಕಳ ಕೈಯಲ್ಲಿ ಒಂದು ಚೀಟಿ ಕಳುಹಿಸಿ: ನಿಮ್ಮಲ್ಲಿ ಜುಮ್ ಎನ್ನುವುದು ಯಾವುದು? ನಮ್ಮ ಪಿ.ಟಿ.ಎ.ಯ (ಪೋಷಕ-ಶಿಕ್ಷಕರ ಸಂಘದ) ವಯರ್‌ಮ್ಯಾನ್ ಒಬ್ಬರು ಶನಿವಾರಗಳಂದು ಬಂದು ನೋಡಲು ಒಪ್ಪಿದ್ದಾರೆ. ಅಲ್ಲಿಯವರೆಗೆ ಅದರ ಪ್ಲಗ್ಗು ತೆಗೆದಿಡಿ. ದೋಸೆಗೆ ಕಡೆಯುವ ಕಲ್ಲು ಹೇಗೂ ಇದೆಯಲ್ಲ.

ಇಂತು,
ಮುಖ್ಯೋಪಾಧ್ಯಾಯಿನಿ