ಧರಣಿಯ ಫೋಟೋಗಳಿಗೂ ಒಂದು ನಿಯಮ ಬೇಕು: ಕಾಸರಗೋಡು ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ಸವಿನಯ ವಂದನೆಗಳು.

ವಿದ್ಯಾನಗರದ ಕಲೆಕ್ಟರೇಟಿನ ಎದುರು ಯಾರು ಧರಣಿ ಕುಳಿತರೂ ಎರಡು ಬಗೆಯ ಕ್ಯಾಮೆರಾಗಳು ಬರುತ್ತವೆ. ಒಂದು ಪತ್ರಿಕೆಯವರದು, ಸಂಘಟನೆಯವರದು, ನನ್ನಂಥ ಸ್ಟುಡಿಯೋದವರದು. ಇನ್ನೊಂದು ಸರಕಾರದ್ದು. ಮೊದಲನೆಯದು ತೆಗೆದ ಚಿತ್ರ ಮರುದಿನ ಎಲ್ಲಿ ಕಾಣಿಸುತ್ತದೆಂದು ಎಲ್ಲರಿಗೂ ಗೊತ್ತು. ಎರಡನೆಯದು ತೆಗೆದದ್ದು ಯಾರ ಕೈ ಸೇರುತ್ತದೆ, ಎಷ್ಟು ವರ್ಷ ಅಲ್ಲಿರುತ್ತದೆ ಎಂಬುದನ್ನು ಬಿಸಿಲಲ್ಲಿ ಕುಳಿತವರಿಗೆ ಯಾರೂ ಹೇಳುವುದಿಲ್ಲ. ಇದಕ್ಕೊಂದು ಲಿಖಿತ ನಿಯಮ ಮಾಡಿ, ಕನ್ನಡದಲ್ಲೂ ಮಲಯಾಳದಲ್ಲೂ ಪ್ರಕಟಿಸಿ ಎಂದು ಕೇಳುವುದಕ್ಕಾಗಿ ಈ ಪತ್ರ. ಮನವಿಯನ್ನು ನಮ್ಮ ಭಾಷೆಯಲ್ಲೇ ಕೊಡುವ ಹಕ್ಕು ಸಂವಿಧಾನದ 350ನೆಯ ವಿಧಿಯಲ್ಲಿದೆ. ಆದ್ದರಿಂದ ಅನುವಾದ ಲಗತ್ತಿಸಿಲ್ಲ.

ನಾನು ಬದಿಯಡ್ಕ ಕಡೆಯ ಫೋಟೋಗ್ರಾಫರ್. ಮದುವೆ, ಗೃಹಪ್ರವೇಶ, ಶಾಲಾ ವಾರ್ಷಿಕೋತ್ಸವಗಳಿಂದ ಹೊಟ್ಟೆಪಾಡು ನಡೆಯುತ್ತದೆ. ಸಂಘಟನೆಯವರು ಕರೆದರೆ ಧರಣಿಗೂ ಹೋಗುತ್ತೇನೆ. ಹಣ ಹುಟ್ಟುವ ಕೆಲಸವಲ್ಲ, ಆದರೆ ಹೋಗದೆ ಇರಲಾಗುವುದಿಲ್ಲ. ಕ್ಯಾಮೆರಾವನ್ನು ದ್ವೇಷಿಸುವವನು ಬರೆದ ಪತ್ರ ಇದಲ್ಲ ಎಂದು ತಿಳಿಸುವುದಕ್ಕಾಗಿ ಇಷ್ಟು ಹೇಳಿದೆ.

ನಮ್ಮ ಜಿಲ್ಲೆಯಲ್ಲಿ ಒಂದು ಮುಖ ಗುರುತು ಸಿಕ್ಕಿದರೆ ಏನಾಗುತ್ತದೆ ಎಂಬುದು ತಮಗೆ ತಿಳಿಯದ್ದಲ್ಲ. ರಸ್ತೆ ತಡೆಯಾಯಿತೆಂದು ಕೇಸು ದಾಖಲಾದಾಗ ಕೆಲವರ ಹೆಸರು ಬರೆದು, ಉಳಿದವರನ್ನು ‘ಕಂಡರೆ ಗುರುತಿಸಬಹುದಾದ ನೂರು ಮಂದಿ’ ಎಂದು ಸೇರಿಸುವ ಪದ್ಧತಿ ಕೇರಳದಲ್ಲಿ ಹಳೆಯದು. ಆ ನೂರರಲ್ಲಿ ಯಾರು ಯಾರೆಂದು ಆಮೇಲೆ ಹೇಳುವುದು ಫೋಟೋ. ಉಪ್ಪಳದಿಂದಲೋ ಕುಂಬಳೆಯಿಂದಲೋ ಗಲ್ಫಿಗೆ ಹೊರಟ ಹುಡುಗನ ವೀಸಾದ ಕಾಗದಗಳ ಜೊತೆ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟೂ ಇರಬೇಕಾಗುತ್ತದೆ. ಪಿಎಸ್‌ಸಿ ಪಟ್ಟಿಯಲ್ಲಿ ಹೆಸರು ಬಂದವಳಿಗೂ ಪೊಲೀಸ್ ಪರಿಶೀಲನೆ ಇದ್ದೇ ಇದೆ. ಅವರು ಅಂದು ಘೋಷಣೆ ಕೂಗಿದರೋ, ಆಚೆ ಬದಿಯಲ್ಲಿ ಬಸ್ಸಿಗೆ ಕಾಯುತ್ತಿದ್ದರೋ, ಚಿತ್ರ ಹೇಳುವುದಿಲ್ಲ.

ನಾನೇ ಕಂಡ ಒಂದು ಸಂಗತಿ. ಕನ್ನಡ ಮಾಧ್ಯಮದ ಮಕ್ಕಳಿಗೆ ಕನ್ನಡ ಬಾರದ ಅಧ್ಯಾಪಕರನ್ನು ಕೊಟ್ಟದ್ದರ ವಿರುದ್ಧ ಹೆತ್ತವರು ಶಾಲೆಯ ಗೇಟಿನ ಎದುರು ಕುಳಿತಿದ್ದರು. ಅವರಲ್ಲಿ ಒಬ್ಬ ತಾಯಿ ದಿನಗೂಲಿಯ ತಾತ್ಕಾಲಿಕ ನೌಕರಿಯಲ್ಲಿದ್ದವರು. ಸಂಜೆಯ ಹೊತ್ತಿಗೆ ಅವರ ಮುಖದ ಸುತ್ತ ಕೆಂಪು ವೃತ್ತ ಎಳೆದ ಚಿತ್ರ ಊರಿನ ಎಲ್ಲ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡಿತು. ಕೆಳಗೆ, ಸರಕಾರದ ಅನ್ನ ತಿಂದು ಸರಕಾರಕ್ಕೇ ಎದುರು ನಿಂತವಳು ಎಂಬ ಬರಹ. ಮುಂದಿನ ಧರಣಿಗೆ ಅವರು ಬರಲಿಲ್ಲ, ಜೊತೆಗೆ ಕುಳಿತಿದ್ದವರಲ್ಲೂ ಹಲವರು ಬರಲಿಲ್ಲ. ಊರು ಯಾವುದು, ಚಿತ್ರ ಹರಡಿದವರು ಯಾರು ಎಂದು ಇಲ್ಲಿ ಬರೆಯುವುದಿಲ್ಲ. ಬರೆದರೆ ಆ ತಾಯಿಯನ್ನು ಎರಡನೆಯ ಸಲ ಬೀದಿಗೆ ತಂದಂತಾಗುತ್ತದೆ. ಆ ದಿನ ಮುಂದಿನ ಸಾಲಿನಲ್ಲಿ ಮಕ್ಕಳೂ ಇದ್ದರು, ಸಮವಸ್ತ್ರದಲ್ಲೇ. ಜೇಬಿನ ಮೇಲೆ ಶಾಲೆಯ ಲಾಂಛನ, ಕೊರಳಲ್ಲಿ ಹೆಸರು ಮತ್ತು ತರಗತಿ ಬರೆದ ಗುರುತಿನ ಚೀಟಿ. ಇವತ್ತಿನ ಮೊಬೈಲಿನಲ್ಲಿ ಆ ಚೀಟಿಯನ್ನು ಹಿಗ್ಗಿಸಿ ಓದಬಹುದು.

ಇದಕ್ಕೆ ಇನ್ನೊಂದು ಮಗ್ಗುಲೂ ಇದೆ, ಅದನ್ನು ಮುಚ್ಚಿಟ್ಟು ಬರೆದರೆ ಕಾಸರಗೋಡಿನವರು ನಗುತ್ತಾರೆ. ಎಂಡೋಸಲ್ಫಾನ್ ಹೋರಾಟ ಗೆದ್ದದ್ದರಲ್ಲಿ ಫೋಟೋಗಳ ಪಾಲು ದೊಡ್ಡದು. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಮುಳಿಯಾರಿನ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ವಿಷ ಸುರಿದಾಗ ಊರವರ ಮಾತನ್ನು ಬಹುಕಾಲ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ತಲೆ ದೊಡ್ಡದಾದ, ಕೈಕಾಲು ಮುರುಟಿದ ಮಕ್ಕಳ ಚಿತ್ರಗಳು ಪತ್ರಿಕೆಗಳಲ್ಲಿ ಬಂದ ಮೇಲೆ ದೇಶ ತಿರುಗಿ ನೋಡಿತು. 2011ರಲ್ಲಿ ಸುಪ್ರೀಂ ಕೋರ್ಟ್ ಆ ಕೀಟನಾಶಕವನ್ನು ತಡೆಯಿತು, 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಕೇರಳ ಸರಕಾರಕ್ಕೆ ಆದೇಶಿಸಿತು. ಆಮೇಲೂ 2019ರಲ್ಲಿ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ತಿರುವನಂತಪುರದ ಸೆಕ್ರೆಟರಿಯೇಟಿನ ಎದುರು ಕೂರಬೇಕಾಯಿತು. ಚಿತ್ರಗಳಿಲ್ಲದೆ ಇಷ್ಟಾದರೂ ಆಗುತ್ತಿತ್ತೇ? ನನಗೆ ಸಂಶಯ.

ಆದರೆ ಕೋರ್ಟಿಗೆ ಕಾಣಲಿ, ಮಂತ್ರಿಗೆ ಕಾಣಲಿ ಎಂದು ಮಗುವನ್ನು ಕ್ಯಾಮೆರಾಕ್ಕೆ ಒಡ್ಡಿದ ತಾಯಿ, ಅದೇ ಚಿತ್ರ ಮುಂದೆ ಯಾರ ಯಾರದೋ ಫ್ಲೆಕ್ಸುಗಳಲ್ಲಿ, ಭಾಷಣದ ಪೋಸ್ಟರುಗಳಲ್ಲಿ ವರ್ಷಗಟ್ಟಲೆ ತಿರುಗಲಿ ಎಂದು ಒಪ್ಪಿದ್ದಳೇ? ಆ ಊರುಗಳ ಹೆಸರು ಹೇಳಿದರೆ ಹೆಣ್ಣು ಕೊಡಲು, ತರಲು ಜನ ಹಿಂದೆಮುಂದೆ ನೋಡಿದ ಕಾಲವನ್ನು ನಾವು ಕಂಡಿದ್ದೇವೆ. ಅಂದಿನ ಮಕ್ಕಳಲ್ಲಿ ಬದುಕಿ ಉಳಿದವರು ಈಗ ಪ್ರಾಯಕ್ಕೆ ಬಂದಿದ್ದಾರೆ. ಆ ಚಿತ್ರ ಇನ್ನೂ ಇರಬೇಕೇ ಬೇಡವೇ ಎಂದು ಅವರನ್ನು ಕೇಳಿದವರು ಎಷ್ಟು ಮಂದಿ? ಆದ್ದರಿಂದ ನನ್ನ ವಾದ ಫೋಟೋ ಬೇಡ ಎಂಬುದಲ್ಲ. ಒಂದು ಉದ್ದೇಶಕ್ಕೆ ಕೊಟ್ಟ ಮುಖವನ್ನು ಇನ್ನೊಂದಕ್ಕೆ ಬಳಸುವಾಗ ಮತ್ತೆ ಕೇಳಬೇಕು. ಅಷ್ಟೆ.

ಸಾರ್ವಜನಿಕ ಸ್ಥಳದಲ್ಲಿ ಖಾಸಗಿತನ ಎಲ್ಲಿಯದು ಎಂದು ತಮ್ಮ ಕಚೇರಿಯ ಕಾನೂನು ಸಲಹೆಗಾರರು ಕೇಳಬಹುದು. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿದೆ. ಬೀದಿಗೆ ಬಂದವನು ಆ ಹಕ್ಕನ್ನು ಮನೆಯಲ್ಲಿ ಬಿಟ್ಟು ಬರುವುದಿಲ್ಲ. 2020ರ ಮಾರ್ಚ್‌ನಲ್ಲಿ ಲಕ್ನೋದ ಬೀದಿಗಳಲ್ಲಿ ಪೌರತ್ವ ಕಾಯ್ದೆ ವಿರೋಧಿ ಪ್ರತಿಭಟನೆಯ ಆರೋಪಿಗಳ ಫೋಟೋ, ಹೆಸರು, ವಿಳಾಸಗಳನ್ನು ದೊಡ್ಡ ಫಲಕಗಳಲ್ಲಿ ಹಾಕಿದಾಗ ಅಲಹಾಬಾದ್ ಹೈಕೋರ್ಟ್ ತಾನಾಗಿಯೇ ಪ್ರಕರಣ ಎತ್ತಿಕೊಂಡು, ಭಾನುವಾರವೇ ವಿಚಾರಣೆ ನಡೆಸಿ, ಮರುದಿನ ಅವನ್ನು ಕಿತ್ತುಹಾಕಲು ಆದೇಶಿಸಿತು. ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಡದೆ ವಿಷಯವನ್ನು ದೊಡ್ಡ ಪೀಠಕ್ಕೆ ಒಪ್ಪಿಸಿತು. ಅದೇ ತಿಂಗಳು ದೆಹಲಿ ಗಲಭೆಯ ಬಗ್ಗೆ ಲೋಕಸಭೆಯಲ್ಲಿ ಉತ್ತರಿಸಿದ ಗೃಹ ಸಚಿವರು, ಮುಖ ಗುರುತಿಸುವ ಸಾಫ್ಟ್‌ವೇರಿಗೆ ಮತದಾರರ ಚೀಟಿ ಮತ್ತು ಚಾಲನಾ ಪರವಾನಗಿಯ ಮಾಹಿತಿಯನ್ನು ಸೇರಿಸಿ 1,100ಕ್ಕೂ ಹೆಚ್ಚು ಮಂದಿಯನ್ನು ಪತ್ತೆಹಚ್ಚಿದ್ದಾಗಿ ತಿಳಿಸಿದರು. ಅದು ಗಲಭೆ, ಅಪರಾಧಿಗಳನ್ನು ಹಿಡಿಯಲೇಬೇಕು, ಸರಿ. ಆದರೆ ಓಟು ಹಾಕಲೆಂದು ಕೊಟ್ಟ ಫೋಟೋ ಇಂಥದಕ್ಕೂ ಬರುತ್ತದೆಂದು ಅಂದೇ ಗೊತ್ತಾಯಿತು. ಶಾಂತವಾಗಿ ಕುಳಿತ ಧರಣಿಗೂ ಆ ಯಂತ್ರವನ್ನು ತಿರುಗಿಸದಂತೆ ತಡೆಯುವ ಬೇಲಿ ಯಾವುದು? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ನೆಚ್ಚಿಕೊಳ್ಳುವಂತಿಲ್ಲ. ಕೇಂದ್ರ ಸರಕಾರ ಅಧಿಸೂಚಿಸಿದ ಸರಕಾರಿ ಸಂಸ್ಥೆಗಳಿಗೆ ಅದರಲ್ಲೇ ವಿನಾಯಿತಿ ಇದೆ. ಜಿಲ್ಲಾ ಮಟ್ಟದ ಒಂದು ಆದೇಶದ ಬೆಲೆ ಇರುವುದು ಇಲ್ಲಿಯೇ.

ಆದೇಶದಲ್ಲಿ ಏನಿರಬೇಕು? ಸರಕಾರದ ಪರವಾಗಿ ಚಿತ್ರೀಕರಿಸುವವರು ಎದೆಯ ಮೇಲೆ ಗುರುತಿನ ಚೀಟಿ ಹಾಕಿಕೊಂಡಿರಲಿ. ಇಲಾಖೆಯ ಕ್ಯಾಮೆರಾದಲ್ಲೇ ತೆಗೆಯಲಿ. ಸ್ವಂತ ಮೊಬೈಲಿನಲ್ಲಿ ತೆಗೆದದ್ದು ಸಂಜೆಗೆ ಎಲ್ಲಿರುತ್ತದೆಂದು ಯಾವ ಮೇಲಧಿಕಾರಿಯೂ ಖಾತರಿ ಕೊಡಲಾರರು. ಕೇಸು ಇಲ್ಲದ ಧರಣಿಯ ದೃಶ್ಯಗಳನ್ನು ಒಂದು ಗೊತ್ತಾದ ಅವಧಿಯಲ್ಲಿ, ನನ್ನನ್ನು ಕೇಳಿದರೆ 30 ದಿನಗಳಲ್ಲಿ, ಅಳಿಸಿ, ಅಳಿಸಿದ್ದನ್ನು ದಾಖಲಿಸಲಿ. ಕೇಸು ಇದ್ದರೆ ಆ ಕೇಸಿಗೆ ಬೇಕಾದ ಭಾಗ ಮಾತ್ರ ಕೋರ್ಟಿಗೆ ಹೋಗಲಿ. ಮಕ್ಕಳ, ಅಂಗವಿಕಲರ ಸಮೀಪದ ಚಿತ್ರಗಳು ಯಾವ ಸರಕಾರಿ ಪುಟಕ್ಕೂ ಏರದಿರಲಿ.

ಪ್ರಚಾರಕ್ಕೆ ಚಿತ್ರ ಬೇಕೆಂದಾದರೆ ದಾರಿಗಳು ಬೇಕಾದಷ್ಟಿವೆ. ಹಿಂದಿನಿಂದ ತೆಗೆದರೆ ಬ್ಯಾನರೂ ಕಾಣುತ್ತದೆ, ಜನ ಸೇರಿದ್ದೂ ಕಾಣುತ್ತದೆ. ಮಳೆಗಾಲದಲ್ಲಿ ನಮ್ಮೂರಿನ ಕೊಡೆಗಳೇ ಅರ್ಧ ಕೆಲಸ ಮಾಡಿಕೊಡುತ್ತವೆ. ಮುಖವನ್ನು ಚೌಕಚೌಕವಾಗಿ ಮಸುಕು ಮಾಡಿ ಕೈತೊಳೆದುಕೊಳ್ಳುವುದು ಸಾಲದು. ಕಂಪ್ಯೂಟರ್ ಅಂಥದ್ದನ್ನೂ ಬೇರೆ ಫೋಟೋಗಳ ಜೊತೆ ಹೋಲಿಸಿ ಗುರುತಿಸಬಲ್ಲದು. ಕಪ್ಪು ಬಣ್ಣ ಬಳಿದು ಪೂರ್ತಿ ಮುಚ್ಚಬೇಕು. ಮುಖ ಮುಚ್ಚಿದರೂ ಸ್ಕೂಟರಿನ ನಂಬರು ಉಳಿದರೆ ಏನು ಪ್ರಯೋಜನ? ಲೊಕೇಶನ್ ಚಾಲೂ ಇದ್ದ ಮೊಬೈಲಿನ ಚಿತ್ರದಲ್ಲಿ ತೆಗೆದ ಹೊತ್ತೂ ಜಾಗವೂ ಅಡಗಿರುತ್ತವೆ. ವಾಟ್ಸ್‌ಆ್ಯಪ್‌ನಲ್ಲಿ ಫೋಟೋವಾಗಿ ಕಳುಹಿಸಿದರೆ ಅದು ಉದುರಿಹೋಗುತ್ತದೆ, ಡಾಕ್ಯುಮೆಂಟಾಗಿ ಕಳುಹಿಸಿದರೆ ಜೊತೆಗೇ ಹೋಗುತ್ತದೆ. ಇದು ನಮ್ಮ ಸಂಘಟಕರೂ ಕಲಿಯಬೇಕಾದ ಪಾಠ. ಸಭೆ ದೊಡ್ಡದೆಂದು ತೋರಿಸುವ ಹುಮ್ಮಸ್ಸಿನಲ್ಲಿ ಅವರು ಹಾಕುವ ನೇರ ಪ್ರಸಾರಗಳು ಕೆಲವು ಸಲ ಪೊಲೀಸರ ಕೆಲಸವನ್ನು ಪುಕ್ಕಟೆಯಾಗಿ ಮಾಡಿಕೊಡುತ್ತವೆ.

ಒಂದು ಎಚ್ಚರಿಕೆ. ಈ ನಿಯಮದ ಹೆಸರಿನಲ್ಲಿ ಜನರ ಕೈಯ ಮೊಬೈಲನ್ನು ಕಸಿಯುವುದು ಬೇಡ. ಪೊಲೀಸರ ಕಾರ್ಯಾಚರಣೆಯನ್ನು ಸಾರ್ವಜನಿಕರು ಚಿತ್ರೀಕರಿಸುವುದನ್ನು ತಡೆಯಬಾರದೆಂದು 2011ರ ಕೇರಳ ಪೊಲೀಸ್ ಕಾಯ್ದೆಯೇ ಹೇಳುತ್ತದೆ. ಎತ್ತಿದ ಲಾಠಿಗೆ ಖಾಸಗಿತನವಿಲ್ಲ.

ಇಂಥ ನಿಯಮ ತಮ್ಮ ಕಡತಗಳಲ್ಲಿ ಈಗಾಗಲೇ ಇದ್ದರೆ ಅದರ ಕನ್ನಡ ಪ್ರತಿಯೊಂದನ್ನು ದಯವಿಟ್ಟು ಹೊರಡಿಸಿ. ದೊಡ್ಡ ಅಕ್ಷರದಲ್ಲಿ ಮುದ್ರಿಸಿ ಮುಂದಿನ ಧರಣಿಯಲ್ಲಿ ಹಂಚುವ ಖರ್ಚು ನನ್ನದು.

ಇತಿ ತಮ್ಮ ವಿಶ್ವಾಸಿ,
ಬದಿಯಡ್ಕದ ಒಬ್ಬ ಫೋಟೋಗ್ರಾಫರ್