ಗ್ರಂಥಾಲಯದ ಹಳೆಯ ಮೇಜು, ಕುರ್ಚಿ, ಬೀರುಗಳ ಪಾಲಿಶ್‌ಗೆ ನೆರವು ಕೋರಿ

ಹಳೆಯ ವಿದ್ಯಾರ್ಥಿಗಳಿಗೆ, ಪೋಷಕರಿಗೆ, ಬಡಾವಣೆಯ ಹಿರಿಯರಿಗೆ ನಮಸ್ಕಾರ.

ಮೈಸೂರಿನ ನಮ್ಮ ಶಾಲೆಯ ಗ್ರಂಥಾಲಯದಲ್ಲಿರುವ ಬೀಟೆ ಮರದ ಉದ್ದನೆಯ ಮೇಜು, ತೇಗದ ಎರಡು ಬೀರು, 14 ಕುರ್ಚಿಗಳನ್ನು ಈ ಬೇಸಿಗೆ ರಜೆಯಲ್ಲಿ ಶುಚಿಮಾಡಿ ಹೊಳಪಿಗೆ ತರಬೇಕಿದೆ. ಮರ ಗಟ್ಟಿಯಾಗಿಯೇ ಇದೆ. ಕೆಟ್ಟಿರುವುದು ಮೇಲಿನ ಪದರ: ಕೈಜಿಡ್ಡು, ಧೂಳು, ಹೊಳಪಿಗೆಂದು ಸವರುತ್ತ ಬಂದ ಕೊಬ್ಬರಿ ಎಣ್ಣೆ. ಅದು ಒಣಗುವ ಎಣ್ಣೆಯಲ್ಲ. ಅಂಟಾಗಿಯೇ ಉಳಿದು ಧೂಳು ಹಿಡಿಯುತ್ತದೆ.

ಎಲ್ಲವನ್ನೂ ಉಪ್ಪುಕಾಗದದಲ್ಲಿ ಉಜ್ಜಿಸಿ ಪಿಯು (ಪ್ಲಾಸ್ಟಿಕ್‌ನಂಥ ಪದರ ಕಟ್ಟುವ ಪಾಲಿಯುರೆಥೇನ್ ಪಾಲಿಶ್) ಹೊಡೆಸಿ ಎಂದು ಕೆಲವರು ಹೇಳಿದರು. ಬೇಡ ಎಂದು ತೀರ್ಮಾನಿಸಿದ್ದೇವೆ. ಮರಕ್ಕೆ ವಯಸ್ಸು ಕೊಟ್ಟ ಬಣ್ಣ ತೀರ ಮೇಲ್ಮೈಯಲ್ಲಿರುತ್ತದೆ, ಉಜ್ಜಿದರೆ ಹೋಯಿತು. ಮೇಜಿನ ಅಡಿಭಾಗಕ್ಕೆ ಸ್ಪಿರಿಟ್ ಅದ್ದಿದ ಹತ್ತಿ ಒತ್ತಿದಾಗ ಪದರ ಅಂಟಂಟಾಯಿತು, ಅಂದರೆ ಅದು ಅರಗಿನ ಪಾಲಿಶ್. ಹಳೆಯ ಅರಗು ಸ್ಪಿರಿಟ್‌ಗೆ ಮೆದುವಾಗಿ ಹೊಸದರೊಡನೆ ಬೆಸೆಯುತ್ತದೆ, ಕೆರೆಯಬೇಕಾಗಿಲ್ಲ. 1937ರಲ್ಲೇ ಅರಗು-ಬಣ್ಣದ ಕಾರ್ಖಾನೆ ಕಂಡ ಊರು ನಮ್ಮದು. ಈ ಕೆಲಸ ಬಲ್ಲ ಕೈಗಳು ಇಲ್ಲಿ ಇನ್ನೂ ಇವೆ.

ಮೊದಲು ಸಾಬೂನು ನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒರೆಸಿ, ತಕ್ಷಣ ಒಣಬಟ್ಟೆ ಆಡಿಸಬೇಕು. ಆಮೇಲೆ ಟರ್ಪೆಂಟೈನ್‌ನಿಂದ ಜಿಡ್ಡು ತೆಗೆಯಬೇಕು. ಕುರ್ಚಿಯ ಕೈಗಳಿಗೆ ಇದನ್ನು ಎರಡು ಮೂರು ಸಲ ಮಾಡದೆ ವಿಧಿಯಿಲ್ಲ. ಜಿಡ್ಡು ಉಳಿದರೆ ಪಾಲಿಶ್ ಹಿಡಿಯುವುದಿಲ್ಲ. ಒಂದು ಲೀಟರ್ ಸ್ಪಿರಿಟ್‌ಗೆ 150 ಗ್ರಾಂ ಅರಗಿನ ಚಕ್ಕೆ ಹಾಕಿ, ರಾತ್ರಿ ನೆನೆಸಿ ಸೋಸಬೇಕು. ಪಾತ್ರೆ ಗಾಜಿನದೇ ಆಗಬೇಕು, ಕಬ್ಬಿಣದ ಡಬ್ಬಿಯಲ್ಲಿ ಕಪ್ಪಾಗುತ್ತದೆ. ಹತ್ತಿಯನ್ನು ಬಟ್ಟೆಯಲ್ಲಿ ಸುತ್ತಿ ಉಂಡೆ ಮಾಡಿಕೊಂಡು, ತೆಳುವಾಗಿ, ಎಲ್ಲೂ ನಿಲ್ಲದೆ ಎಳೆಯಬೇಕು. ನಿಂತ ಜಾಗದಲ್ಲಿ ಉಂಡೆ ಕಚ್ಚಿಕೊಂಡು ಪದರವನ್ನೇ ಕಿತ್ತು ತರುತ್ತದೆ. ಪೂರ್ತಿ ಗಟ್ಟಿಯಾದ ಮೇಲೆ ಜೇನುಮೇಣ.

ಬೇಕಿರುವುದು: ಸ್ಪಿರಿಟ್ 10 ಲೀಟರ್, ಅರಗಿನ ಚಕ್ಕೆ ಒಂದೂವರೆ ಕಿಲೋ, ಟರ್ಪೆಂಟೈನ್ 5 ಲೀಟರ್, ಜೇನುಮೇಣ 1 ಕಿಲೋ. ಕಲಸಿಟ್ಟ ಹಳೆಯ ಪಾಲಿಶ್ ದಯವಿಟ್ಟು ತರಬೇಡಿ, ತಿಂಗಳುಗಟ್ಟಲೆ ಇಟ್ಟದ್ದು ಸರಿಯಾಗಿ ಒಣಗುವುದಿಲ್ಲ. ಒಗೆದ ಹಳೆಯ ಹತ್ತಿ ಬನಿಯನ್, ಪಂಚೆ ಎಷ್ಟಿದ್ದರೂ ಬೇಕು. ಟೆರಿಕಾಟನ್ ಬೇಡ, ಅದು ಹೀರುವುದಿಲ್ಲ. ಇಬ್ಬರು ಪಾಲಿಶ್ ಕೆಲಸಗಾರರಿಗೆ ತಲಾ 12 ದಿನದ ಕೂಲಿ ಕೊಡಬೇಕಿದೆ. ಒಬ್ಬೊಬ್ಬರು ಒಂದು ದಿನದ ಕೂಲಿ ವಹಿಸಿಕೊಂಡರೂ ದೊಡ್ಡ ಉಪಕಾರ.

ಥಂಡಿ ಹವೆಯಲ್ಲಿ ಎಳೆದರೆ ತೇವ ಸೇರಿ ಪಾಲಿಶ್ ಬಿಳಿಚಿಕೊಳ್ಳುತ್ತದೆ. ಹಾಗಾಗಿ ಮುಂಗಾರಿಗೆ ಮುಂಚೆ ಕೆಲಸ ಮುಗಿಯಬೇಕು. ಏಪ್ರಿಲ್ 10ರೊಳಗೆ ಶಾಲೆಯ ಕಚೇರಿಗೆ ತಲುಪಿಸಿ, ರಸೀದಿ ಪಡೆಯಿರಿ.