ಅಂಕೋರ್ ಪ್ರವಾಸದ ಸೇವಾ ನ್ಯೂನತೆ ಮತ್ತು ನಮಗಾದ ಅವಮಾನದ ಕುರಿತು ಕೊನೆಯ ದೂರು

ಇವರಿಗೆ,
ಪ್ರಧಾನ ವ್ಯವಸ್ಥಾಪಕರು,
ವಿದೇಶ ಪ್ರವಾಸ ವಿಭಾಗ,
ಬೆಂಗಳೂರು.

ವಿಷಯ: ಕಾಂಬೋಡಿಯಾ ದಂಪತಿ ಪ್ರವಾಸದಲ್ಲಿ ಹಣ ಪಡೆದೂ ಒದಗಿಸದ ಸೇವೆಗಳು ಮತ್ತು ನಿಮ್ಮ ಸಹಾಯವಾಣಿ ಸಿಬ್ಬಂದಿಯ ವರ್ತನೆ.

ಮಾನ್ಯರೇ,

ಪ್ರವಾಸ ಮುಗಿಸಿ ಬಂದಾಗಿನಿಂದ ನಿಮ್ಮ ಕಚೇರಿಗೆ ಕರೆ ಮಾಡುತ್ತಲೇ ಇದ್ದೇನೆ. ಪ್ರತಿ ಬಾರಿಯೂ ಸಿಕ್ಕಿದ್ದು ‘ಮೇಲಿನವರಿಗೆ ತಿಳಿಸುತ್ತೇವೆ’ ಎಂಬ ಉತ್ತರ. ನಿನ್ನೆ ನಿಮ್ಮಿಂದ ಇಮೇಲ್ ಬಂದಿದೆ. ನನ್ನ ದೂರನ್ನು ‘ತೃಪ್ತಿಕರವಾಗಿ ಮುಕ್ತಾಯಗೊಳಿಸಲಾಗಿದೆ’ಯಂತೆ, ಜೊತೆಗೆ ಮುಂದಿನ ಪ್ರವಾಸಕ್ಕೆ ಬಳಸಬಹುದಾದ ಒಂದು ರಿಯಾಯಿತಿ ಕೂಪನ್ ಇದೆ. ಯಾರಿಗೆ ತೃಪ್ತಿಯಾಯಿತು ಎಂದು ಅದರಲ್ಲಿ ಬರೆದಿಲ್ಲ. ನನಗಾಗಲಿ ನನ್ನ ಪತಿಗಾಗಲಿ ಆಗಿಲ್ಲ. ಆದ್ದರಿಂದ ಎಲ್ಲವನ್ನೂ ಲಿಖಿತವಾಗಿ ಕೊಡುತ್ತಿದ್ದೇನೆ. ಸಮಾಧಾನದಿಂದಲೇ ಬರೆಯಬೇಕೆಂದು ಕುಳಿತಿದ್ದೇನೆ.

ಮೊದಲು, ನೀವು ಮಾರಿದ್ದೇನು ಎಂಬುದನ್ನು ನೋಡೋಣ. ‘ಮಕ್ಕಳ ಗದ್ದಲವಿಲ್ಲದೆ ಇಬ್ಬರೇ, ಪ್ರಾಚೀನ ಲೋಕದಲ್ಲಿ’ ಎಂಬ ನಿಮ್ಮ ಪ್ಯಾಕೇಜಿನ ವಿವರಪಟ್ಟಿ ನನ್ನ ಮುಂದಿದೆ. ಅದರಲ್ಲಿ ಕಾಂಬೋಡಿಯಾದ ಪ್ರಾಚೀನ ದೇಗುಲಗಳ ತಾಣವಾದ ಅಂಕೋರ್‌ಗೆ ಮೂರು ದಿನಗಳ ಪ್ರವೇಶ ಪಾಸ್, ನಮ್ಮಿಬ್ಬರಿಗೇ ಪ್ರತ್ಯೇಕ ಕಾರು, ಪರವಾನಗಿ ಹೊಂದಿದ ಮಾರ್ಗದರ್ಶಿ ಇದ್ದಾರೆ. ಮೊದಲ ದಿನ ಬಾಯೋನ್ ಮತ್ತು ತಾ ಪ್ರೋಮ್ ದೇಗುಲಗಳು, ಎರಡನೆಯ ದಿನ ಅಂಕೋರ್ ವಾಟ್‌ನಲ್ಲಿ ಸೂರ್ಯೋದಯ, ಕೈಸಾಲೆಗಳ ಉಬ್ಬುಶಿಲ್ಪಗಳು ಮತ್ತು ಬಾಕಾನ್ ಎಂದು ಕರೆಯುವ ಮೇಲಿನ ಅಂತಸ್ತು, ಮೂರನೆಯ ದಿನ ಬಾಂತೆ ಸ್ರೇ ದೇಗುಲ ಮತ್ತು ಕ್ಬಾಲ್ ಸ್ಪೀನ್ ಎಂದು ಬರೆದಿದೆ. ಇವೆಲ್ಲ ನನ್ನ ಕಲ್ಪನೆಯಲ್ಲ, ನಿಮ್ಮ ಮುದ್ರೆಯಿರುವ ಕಾಗದದ ಮಾತು.

ನಾವು ಹಾಸನದವರು. ನಾನು ಪದವಿಪೂರ್ವ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತೇನೆ. ಮಕ್ಕಳು ಹುಟ್ಟಿದ ಮೇಲೆ ನಾವಿಬ್ಬರೇ ಎಲ್ಲಿಗೂ ಹೋಗಿರಲಿಲ್ಲ. ಈ ಬಾರಿ ವಿಜಯದಶಮಿ ಮುಗಿಸಿ, ಮಕ್ಕಳನ್ನು ಅತ್ತೆಯವರ ಬಳಿ ಬಿಟ್ಟು ಹೊರಟಿದ್ದಕ್ಕೆ ಕಾರಣವಿತ್ತು. ಬಾಕಾನ್‌ಗೆ 12 ವರ್ಷದೊಳಗಿನ ಮಕ್ಕಳನ್ನು ಬಿಡುವುದಿಲ್ಲ. ಕ್ಬಾಲ್ ಸ್ಪೀನ್‌ನಲ್ಲಿ ಹೊಳೆಯ ತಳದ ಬಂಡೆಯಲ್ಲಿ ಕೊರೆದ ಲಿಂಗಗಳನ್ನು ನೋಡಲು ಕಾಡಿನ ಏರುದಾರಿಯನ್ನು ಹತ್ತಬೇಕು. ಬೇಲೂರಿನಲ್ಲಿ 1117ರಲ್ಲಿ ವಿಷ್ಣುವರ್ಧನ ಚೆನ್ನಕೇಶವನನ್ನು ಪ್ರತಿಷ್ಠಾಪಿಸುವ ಹೊತ್ತಿಗೆ ಅಂಕೋರ್‌ನಲ್ಲಿ ದೊರೆ ಎರಡನೇ ಸೂರ್ಯವರ್ಮ ಪಟ್ಟಕ್ಕೇರಿದ್ದ. ಅವನು ಕಟ್ಟಿಸಿದ ಅಂಕೋರ್ ವಾಟ್ ಕೂಡ ವಿಷ್ಣುವಿಗೇ ಮೀಸಲಾಗಿತ್ತು. ಹಳೇಬೀಡಿನ ಗೋಡೆಯಲ್ಲಿ ರಾವಣ ಕೈಲಾಸವನ್ನು ಎತ್ತುತ್ತಾನೆ. ಅದಕ್ಕೂ ಸುಮಾರು ಒಂದೂವರೆ ಶತಮಾನ ಹಿಂದೆ, 967ರಲ್ಲಿ ಪ್ರತಿಷ್ಠಾಪನೆಯಾದ ಬಾಂತೆ ಸ್ರೇಯ ಕೆಂಪು ಮರಳುಗಲ್ಲಿನಲ್ಲಿ ಅದೇ ರಾವಣ ಅದೇ ಕೈಲಾಸವನ್ನು ಅಲುಗಾಡಿಸುತ್ತಿದ್ದಾನೆ. ವರ್ಷಗಳಿಂದ ಚಿತ್ರ ತೋರಿಸಿ ಪಾಠ ಮಾಡಿದ ಆ ಕಲ್ಲನ್ನು ಎದುರಿಗೆ ನಿಂತು ನೋಡಬೇಕೆಂಬ ಆಸೆಯಿಂದಲೇ ನಿಮಗೆ ಹಣ ಕಟ್ಟಿದೆವು. ಬುಕಿಂಗ್ ಮಾಡುವಾಗ ನಿಮ್ಮ ಪ್ರತಿನಿಧಿಗೆ ಇದನ್ನು ವಿವರಿಸಿದ್ದೆ. ಅವರು ಬರೆದುಕೊಂಡಿದ್ದರು ಕೂಡ.

ಎಡವಟ್ಟು ಇಳಿದ ಕೂಡಲೇ ಆರಂಭವಾಯಿತು. ವಿಮಾನ ನಿಲ್ದಾಣದಿಂದ ಹೋಟೆಲ್‌ಗೆ ಹದಿನೈದು ನಿಮಿಷ ಎಂದು ನಿಮ್ಮ ಪಟ್ಟಿ ಹೇಳುತ್ತದೆ. ಅಂಕೋರ್‌ಗೆ ಹತ್ತಿರದ ಪಟ್ಟಣವಾದ ಸಿಯೆಮ್ ರೀಪ್‌ನ ಹಳೆಯ ನಿಲ್ದಾಣ ಬಾಗಿಲು ಹಾಕಿ, ಪಟ್ಟಣದಿಂದ ಸುಮಾರು 50 ಕಿಲೋಮೀಟರ್ ದೂರದ ಹೊಸ ನಿಲ್ದಾಣ 2023ರ ಅಕ್ಟೋಬರ್‌ನಲ್ಲೇ ಆರಂಭವಾಗಿದೆ. ಇದು ನಿಮಗೆ ಗೊತ್ತಿಲ್ಲ ಎಂದಾದರೆ ಆ ಊರಿಗೆ ಜನರನ್ನು ಕಳುಹಿಸುವ ವ್ಯಾಪಾರ ನಿಮಗೇಕೆ?

ಮರುದಿನ ಪ್ರತ್ಯೇಕ ಕಾರು ಬರಲಿಲ್ಲ, ಬಸ್ ಬಂತು. ಅದರಲ್ಲಿ ನಿಮ್ಮದೇ ಬೇರೆ ಬೇರೆ ಪ್ಯಾಕೇಜುಗಳ ಜನರಿದ್ದರು. ಮಾರ್ಗದರ್ಶಿ ಎಂದು ಬಂದವನ ಬಳಿ ಪರವಾನಗಿಯೇ ಇರಲಿಲ್ಲ. ಬಾಯೋನ್‌ನ ಗೋಪುರಗಳ ಬೃಹತ್ ಮುಖಗಳ ಮುಂದೆ ಫೋಟೊ ತೆಗೆಸಿಕೊಳ್ಳಲು ಹೇಳಿ, ಬಸ್ಸಿನ ಬಳಿ ಸೇರುವ ಸಮಯವನ್ನು ಕೂಗಿ ಅವನು ಹೊರಗೆ ಹೋದ. ತಾ ಪ್ರೋಮ್‌ನಲ್ಲಿ ಬೇರುಗಳು ಗೋಡೆಯನ್ನು ತಬ್ಬಿದ ಒಂದು ಮರ ತೋರಿಸಿ ಅಲ್ಲಿ ಸಿನಿಮಾ ಚಿತ್ರೀಕರಣವಾಗಿತ್ತು ಎಂದಷ್ಟೇ ಹೇಳಿದ. ಆ ದೇಗುಲವನ್ನು ಕಟ್ಟಿಸಿದ ದೊರೆ ಏಳನೇ ಜಯವರ್ಮನ ಹೆಸರಿಲ್ಲ. ಉರುಳಿದ ಕಲ್ಲುಗಳನ್ನು ಮತ್ತೆ ಜೋಡಿಸುವ ಕೆಲಸದಲ್ಲಿ ನಮ್ಮದೇ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆ ಅಲ್ಲಿದೆ ಎಂಬ ಮಾತಿಲ್ಲ. ಅಲ್ಲಿಂದ ನಮ್ಮನ್ನು ರೇಷ್ಮೆ ಅಂಗಡಿಗೂ ಹರಳಿನ ಅಂಗಡಿಗೂ ಕರೆದೊಯ್ದು ಸಂಜೆಯವರೆಗೆ ಕೂರಿಸಲಾಯಿತು. ದೇಗುಲಕ್ಕಿಲ್ಲದ ಸಮಯ ಅಂಗಡಿಗೆ ಹೇಗೆ ಸಿಕ್ಕಿತೆಂದು ನಾನು ಕೇಳಬೇಕಿಲ್ಲ, ಕಮಿಷನ್ ಯಾರಿಗೆ ಸೇರುತ್ತದೆ ಎಂಬುದು ನಿಮಗೇ ಗೊತ್ತಿದೆ. ಮೈಸೂರು ರೇಷ್ಮೆಯ ನಾಡಿನಿಂದ ಹೋದವರಿಗೆ ಅಲ್ಲಿ ಸೀರೆಯ ಬಟ್ಟೆ ಮಾರಲು ನೋಡಿದರು.

ಎರಡನೆಯ ದಿನದ್ದನ್ನು ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ನಿಮ್ಮ ಇಮೇಲ್ ಅದನ್ನು ‘ಸಣ್ಣ ಸಂವಹನ ಕೊರತೆ’ ಎಂದು ಕರೆದಿದೆ.

ಬೆಳಗಿನ ಜಾವ ಐದು ಗಂಟೆಗೆ ಅಂಕೋರ್ ವಾಟ್‌ನ ಕಂದಕದ ಬಳಿ ಸಾಲಿನಲ್ಲಿ ನಿಂತಿದ್ದೆವು. ಇನ್ನೂ ಕತ್ತಲು, ಎಲ್ಲರ ಕೈಯಲ್ಲೂ ಟಾರ್ಚ್. ತಪಾಸಣೆಯ ಹೆಣ್ಣುಮಗಳು ನಮ್ಮ ಪಾಸನ್ನು ಯಂತ್ರಕ್ಕೆ ಹಿಡಿದಳು, ಮತ್ತೆ ಹಿಡಿದಳು, ಪಾಸಿನ ಮೇಲಿದ್ದ ನನ್ನ ಫೋಟೊ ನೋಡಿದಳು, ನನ್ನ ಮುಖ ನೋಡಿದಳು, ತಲೆಯಾಡಿಸಿದಳು. ನೀವು ಕೊಂಡಿದ್ದು ಒಂದು ದಿನದ ಪಾಸ್. ಅದರ ಅವಧಿ ಹಿಂದಿನ ದಿನವೇ ಮುಗಿದಿತ್ತು. ನಮ್ಮನ್ನು ಸಾಲಿನಿಂದ ಹೊರಗೆ ನಿಲ್ಲಿಸಿದರು. ಅವಳು ಸೌಜನ್ಯದಿಂದಲೇ ನಡೆದುಕೊಂಡಳು, ಅವಳ ಮೇಲೆ ನನ್ನ ದೂರಿಲ್ಲ. ಆದರೆ ಟಿಕೆಟ್ ಇಲ್ಲದೆ ನುಸುಳಲು ಬಂದವರನ್ನು ನೋಡುವಂತೆ ಜನ ನಮ್ಮನ್ನು ನೋಡುತ್ತಾ ಒಳಗೆ ಹೋದರು.

ನಿಮ್ಮ 24 ಗಂಟೆಗಳ ಸಹಾಯವಾಣಿಗೆ ಕರೆ ಮಾಡಿದೆ. ಗದ್ದಲದಲ್ಲಿ ಕೇಳಿಸದ ಕಾರಣ ಸ್ಪೀಕರ್ ಹಾಕಿದ್ದೆ. ನಿಮ್ಮ ಸಿಬ್ಬಂದಿಯ ಮೊದಲ ಮಾತು, “ಮೇಡಂ, ಇಲ್ಲಿ ಈಗ ಮೂರೂವರೆ ಗಂಟೆ.” ಅಲ್ಲಿಗೂ ಇಲ್ಲಿಗೂ ಒಂದೂವರೆ ಗಂಟೆ ವ್ಯತ್ಯಾಸವಿರುವುದು ನನಗೆ ಗೊತ್ತಿದೆ ಎಂದೆ. ಬುಕಿಂಗ್ ಸಂಖ್ಯೆ ಕೇಳಿದರು. ಹೇಳಿದೆ. “ವಿಯೆಟ್ನಾಂ ಅಲ್ಲವೇ?” ಎಂದರು. ಕಾಂಬೋಡಿಯಾ ಎಂದೆ. ಜನ್ಮದಿನಾಂಕ ಕೇಳಿದರು, ಅಷ್ಟು ಜನರ ನಡುವೆ ಅದನ್ನೂ ಕೂಗಿ ಹೇಳಿದೆ. ನಂತರ ಸಂಗೀತ ಹಾಕಿ ಕಾಯಿಸಿದರು. ಪೂರ್ವದಲ್ಲಿ ಆಕಾಶ ಬಿಳುಪೇರುತ್ತಿತ್ತು, ನನ್ನ ಕೈಯಲ್ಲಿ ನಿಮ್ಮ ಜಾಹೀರಾತಿನ ಹಾಡು ಮೊಳಗುತ್ತಿತ್ತು. ಮರಳಿ ಬಂದವರು ಹೇಳಿದ್ದು, “ನಿಮ್ಮದು ಜೋಡಿ ಪ್ಯಾಕೇಜ್ ಮೇಡಂ. ಜೋಡಿಗಳಿಗೆ ಒಂದು ದಿನದ ಪಾಸ್ ಮಾತ್ರ ಕೊಡುತ್ತೇವೆ.”

ವಿವರಪಟ್ಟಿಯಲ್ಲಿ ಮೂರು ದಿನ ಎಂದಿದೆ ಎಂದೆ. “ಮಕ್ಕಳು ಜೊತೆಯಲ್ಲಿದ್ದಾರೆಯೇ?” ಎಂದು ಕೇಳಿದರು. ಇಲ್ಲ ಎಂದೆ. ಆಗ ಅವರು ನಕ್ಕು ಹೇಳಿದ ಮಾತನ್ನು ಇಲ್ಲಿ ಯಥಾವತ್ತಾಗಿ ಬರೆಯುತ್ತೇನೆ: “ಹಾಗಾದರೆ ಇಷ್ಟು ಬೇಗ ಏಕೆ ಎದ್ದಿರಿ ಮೇಡಂ? ಮಕ್ಕಳನ್ನು ಬಿಟ್ಟು ಇಬ್ಬರೇ ಹೋಗಿದ್ದೀರಿ. ಹೋಟೆಲ್‌ನಲ್ಲಿ ಒಳ್ಳೆಯ ಈಜುಕೊಳವಿದೆ, ಕೋಣೆಯೂ ಚೆನ್ನಾಗಿದೆ. ಹಾಳುಬಿದ್ದ ಗುಡಿ ನೋಡಲು ಒಂದು ದಿನ ಸಾಲುವುದಿಲ್ಲವೇ? ಎಲ್ಲವೂ ಒಂದೇ ತರಹ ಇರುತ್ತವೆ.”

ನಮ್ಮ ಪಕ್ಕದ ಸಾಲಿನಲ್ಲಿ ಬೆಂಗಳೂರಿನ ಒಂದು ಕುಟುಂಬ ನಿಂತಿತ್ತು. ಅವರಿಗೆ ಪ್ರತಿಯೊಂದು ಪದವೂ ಅರ್ಥವಾಯಿತು. ಆ ಮನೆಯ ಹಿರಿಯರು ಮುಖ ತಿರುಗಿಸಿಕೊಂಡರು, ಹುಡುಗರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ನನ್ನ ಪತಿ ಎಂದೂ ದನಿ ಏರಿಸದ ಮನುಷ್ಯ. ಅವರು ಫೋನ್ ತೆಗೆದುಕೊಂಡು, “ನಾವು ಏನು ನೋಡಬೇಕೆಂದು ತೀರ್ಮಾನಿಸಲು ನಿಮಗೆ ಹಣ ಕೊಟ್ಟಿಲ್ಲ” ಎಂದರು. ಅದಕ್ಕೆ ಬಂದ ಉತ್ತರ, “ಸರ್, ಮೇಡಂಗೆ ಸ್ವಲ್ಪ ಸಮಾಧಾನ ಹೇಳಿ. ನೀವೇ ಟಿಕೆಟ್ ಕೊಂಡು ಬಿಲ್ ಕಳುಹಿಸಿ.” ಕರೆ ಅಲ್ಲಿಗೆ ಕಡಿದುಹೋಯಿತು.

ಟಿಕೆಟ್ ಕೇಂದ್ರ ದೇಗುಲದ ಬಾಗಿಲಲ್ಲಿಲ್ಲ, ಪಟ್ಟಣದ ಕಡೆಗೆ ಕಿಲೋಮೀಟರುಗಟ್ಟಲೆ ಹಿಂದಕ್ಕೆ ಹೋಗಬೇಕು. ಹೋಗಿ, ತಲಾ 37 ಡಾಲರ್ ಕೊಟ್ಟು, ಮತ್ತೆ ಬರುವಷ್ಟರಲ್ಲಿ ಸೂರ್ಯ ಗೋಪುರಗಳ ಮೇಲಿದ್ದ. ಒಂದು ದಿನದ ಪಾಸಿಗೆ 37, ಮೂರು ದಿನದ್ದಕ್ಕೆ 62 ಡಾಲರ್ ಎಂಬುದು ಕಿಟಕಿಯಲ್ಲೇ ಬರೆದಿದೆ. ತಲಾ 25 ಡಾಲರ್ ಉಳಿಸಿಕೊಳ್ಳಲು ನಮ್ಮ ಮಾನವನ್ನು ಆ ಕಂದಕದ ದಂಡೆಯಲ್ಲಿ ಹರಾಜಿಗೆ ಇಟ್ಟಿರಿ.

ಬಾಕಾನ್ ಅಂದು ಮುಚ್ಚಿತ್ತು. ಅಂದು ಸೀಗೆ ಹುಣ್ಣಿಮೆ. ಬೌದ್ಧರ ಪವಿತ್ರ ದಿನಗಳಲ್ಲಿ, ಅಂದರೆ ತಿಂಗಳಿಗೆ ನಾಲ್ಕು ಬಾರಿ, ಮೇಲಿನ ಅಂತಸ್ತಿಗೆ ಪ್ರವಾಸಿಗರನ್ನು ಬಿಡುವುದಿಲ್ಲ. ಹುಣ್ಣಿಮೆ ಯಾವ ದಿನ ಬರುತ್ತದೆ ಎಂಬುದು ನಿಮ್ಮ ಕಚೇರಿಯ ಗೋಡೆಯ ಕ್ಯಾಲೆಂಡರಿನಲ್ಲೇ ಇರುತ್ತದೆ. ಮೊದಲ ದಿನ ಮತ್ತು ಎರಡನೆಯ ದಿನದ ಕಾರ್ಯಕ್ರಮಗಳನ್ನು ಅದಲುಬದಲು ಮಾಡಿದ್ದರೆ ನಾವು ಆ ಮೆಟ್ಟಿಲುಗಳನ್ನು ಹತ್ತಿರುತ್ತಿದ್ದೆವು. ಮೆಟ್ಟಿಲ ಕೆಳಗೆ ನಿಂತು ಮೇಲೆ ನೋಡಿ ಹಿಂದಿರುಗಿದೆವು. ಪೂರ್ವದ ಕೈಸಾಲೆಯಲ್ಲಿ ಸುಮಾರು 49 ಮೀಟರ್ ಉದ್ದಕ್ಕೆ ಹರಡಿರುವ ಸಮುದ್ರಮಥನವನ್ನೂ, ಪಶ್ಚಿಮದ ಗೋಡೆಯ ಕುರುಕ್ಷೇತ್ರದಲ್ಲಿ ಶರಶಯ್ಯೆಯ ಮೇಲೆ ಮಲಗಿದ ಭೀಷ್ಮನನ್ನೂ ನೋಡಿದೆವು. ನನ್ನ ಪತಿ ಒಂದೊಂದು ಆಕೃತಿಯ ಮುಂದೆಯೂ ನಿಂತರು. ಅಷ್ಟು ಸಂತೋಷವನ್ನು ಆ ಕಲ್ಲುಗಳು ಕೊಟ್ಟವು, ಅದರಲ್ಲಿ ನಿಮ್ಮ ಪಾಲು ಏನೂ ಇಲ್ಲ.

ಆ ಸಂಜೆ ನಿಮ್ಮ ಸ್ಥಳೀಯ ಪ್ರತಿನಿಧಿ ಸಂದೇಶ ಕಳುಹಿಸಿ, ಮರುದಿನದ ಪಾಸ್ ಮತ್ತು ಕಾರು ಬೆಳಿಗ್ಗೆ ಆರಕ್ಕೆ ಹೋಟೆಲ್‌ಗೆ ಬರುತ್ತವೆ ಎಂದು ತಿಳಿಸಿದರು. ಸಂದೇಶ ನನ್ನ ಮೊಬೈಲಿನಲ್ಲಿದೆ. ಎರಡೂ ಬರಲಿಲ್ಲ. ಹತ್ತು ಗಂಟೆಗೆ ಫೋನಿಗೆ ಸಿಕ್ಕ ಅದೇ ಪ್ರತಿನಿಧಿ, ಬಾಂತೆ ಸ್ರೇ ದೂರವೆಂದೂ, ಉಳಿದವರೆಲ್ಲ ಮಾರುಕಟ್ಟೆಗೆ ಹೋಗಿದ್ದಾರೆಂದೂ ಹೇಳಿದರು. ಆ ಮಧ್ಯಾಹ್ನವೇ ನಮ್ಮ ವಿಮಾನ. ಇಡೀ ಪ್ರವಾಸದ ಕಾರಣವೇ ಆಗಿದ್ದ ದೇಗುಲವನ್ನು ನೋಡದೆ, ಹೋಟೆಲ್ ಹಜಾರದಲ್ಲಿ ಪೆಟ್ಟಿಗೆಗಳ ಪಕ್ಕ ಕುಳಿತಿದ್ದೆವು. ಕಳೆದ ಹಣವನ್ನು ಮತ್ತೆ ದುಡಿಯಬಹುದು. ಇಬ್ಬರಿಗೂ ರಜೆ ಹೊಂದಿಸಿ, ಮಕ್ಕಳನ್ನು ಒಪ್ಪಿಸಿ, ಮತ್ತೆ ಅಲ್ಲಿಗೆ ಹೋಗುವುದು ನಮ್ಮಂಥವರಿಗೆ ಯಾವಾಗ ಸಾಧ್ಯ?

ಕಾರ್ಯಕ್ರಮ ಬದಲಿಸಿದರೆ ಗ್ರಾಹಕರ ಲಿಖಿತ ಒಪ್ಪಿಗೆ ಬೇಕೆಂದು ನಿಮ್ಮ ಷರತ್ತುಗಳೇ ಹೇಳುತ್ತವೆ. ಅವುಗಳನ್ನು ಬರೆದವರು ನೀವೇ ಆದ್ದರಿಂದ ಇಲ್ಲಿ ವಿವರಿಸುವುದಿಲ್ಲ. ಇನ್ನೊಂದು ಮಾತು: ವಿದೇಶ ಪ್ರವಾಸದ ಮೊತ್ತದ ಮೇಲೆ ಟಿಸಿಎಸ್ (ಮೂಲದಲ್ಲೇ ಸಂಗ್ರಹಿಸುವ ತೆರಿಗೆ) ಎಂದು ನಮ್ಮಿಂದ ಶೇ 5ರಷ್ಟು ಸಂಗ್ರಹಿಸಿದ್ದೀರಿ. ನನ್ನ ಪತಿಯ ತೆರಿಗೆ ಜಮೆಯ ವಿವರಪಟ್ಟಿಯಾದ 26ಎಎಸ್‌ನಲ್ಲಿ ಅದು ಇಂದಿಗೂ ಕಾಣಿಸುತ್ತಿಲ್ಲ. ಸರ್ಕಾರದ ಹೆಸರಿನಲ್ಲಿ ಪಡೆದ ಹಣ ಎಲ್ಲಿದೆ?

ನಾವು ಕೇಳುವುದು ಇಷ್ಟು. ಪಾಸ್‌ಗಾಗಿ ನಾವು ಕೊಟ್ಟ 74 ಡಾಲರ್, ಪ್ರತ್ಯೇಕ ಕಾರು ಮತ್ತು ಮಾರ್ಗದರ್ಶಿಗಾಗಿ ನೀವು ಪಡೆದ ಹಣ, ಮೂರನೆಯ ದಿನದ ಪೂರ್ಣ ವೆಚ್ಚ, ಟಿಸಿಎಸ್ ಪಾವತಿಯ ಪ್ರಮಾಣಪತ್ರ, ಮತ್ತು ಆ ಕರೆಗೆ ಉತ್ತರಿಸಿದ ಸಿಬ್ಬಂದಿಯಿಂದಲೂ ನಿಮ್ಮಿಂದಲೂ ಲಿಖಿತ ಕ್ಷಮಾಪಣೆ. ಕೂಪನ್ ಬೇಡ. ನಿಮ್ಮ ಜೊತೆ ಮತ್ತೊಮ್ಮೆ ಹೋಗಲು ನಿಮ್ಮಿಂದಲೇ ಬಹುಮಾನ ಪಡೆಯುವ ಗತಿ ನಮಗೆ ಬಂದಿಲ್ಲ.

ಈ ಪತ್ರ ತಲುಪಿದ 15 ದಿನಗಳೊಳಗೆ ಉತ್ತರ ಬಾರದಿದ್ದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಅಡಿ ಸೇವಾ ನ್ಯೂನತೆ ಮತ್ತು ಅನುಚಿತ ವ್ಯಾಪಾರ ಪದ್ಧತಿಗಾಗಿ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ದೂರು ದಾಖಲಿಸುತ್ತೇವೆ. ವ್ಯಾಜ್ಯಗಳೆಲ್ಲ ಬೆಂಗಳೂರಿನಲ್ಲೇ ಎಂದು ನಿಮ್ಮ ರಸೀದಿಯ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುವುದನ್ನು ನೋಡಿದ್ದೇನೆ. ದೂರುದಾರರು ವಾಸಿಸುವ ಊರಿನಲ್ಲೇ ದೂರು ಕೊಡಲು ಆ ಕಾಯ್ದೆಯ 34ನೇ ಕಲಂ ಅವಕಾಶ ಕೊಟ್ಟಿದೆ. ಪ್ರಕರಣ ಹಾಸನದಲ್ಲೇ ನಡೆಯುತ್ತದೆ, ಪ್ರತಿ ವಿಚಾರಣೆಗೂ ನಾನು ಬರುತ್ತೇನೆ. ಟಿಸಿಎಸ್ ವಿಷಯವನ್ನು ಆದಾಯ ತೆರಿಗೆ ಇಲಾಖೆಗೆ ಪ್ರತ್ಯೇಕವಾಗಿ ಬರೆಯುತ್ತೇನೆ. ನಿಮ್ಮ ಬಸ್ಸಿನಲ್ಲಿ ನಮ್ಮೊಡನೆ ಇದ್ದ ಕುಟುಂಬಗಳ ಫೋನ್ ಸಂಖ್ಯೆಗಳು ನಮ್ಮ ಬಳಿ ಇವೆ, ಅವರಲ್ಲಿ ಕೆಲವರು ತಾವೂ ಜೊತೆ ನಿಲ್ಲುವುದಾಗಿ ಈಗಾಗಲೇ ತಿಳಿಸಿದ್ದಾರೆ.

ಕೊನೆಯದಾಗಿ, ‘ಸೇವೆಯ ಗುಣಮಟ್ಟಕ್ಕಾಗಿ ಈ ಕರೆಯನ್ನು ದಾಖಲಿಸಲಾಗುತ್ತಿದೆ’ ಎಂದು ನಿಮ್ಮ ಸಹಾಯವಾಣಿ ಪ್ರತಿ ಬಾರಿಯೂ ಹೇಳುತ್ತದೆ. ಆ ಬೆಳಗಿನ ಕರೆಯ ಧ್ವನಿಮುದ್ರಣವನ್ನು ಅಳಿಸಬಾರದೆಂದು ಈ ಪತ್ರದ ಮೂಲಕ ನಿಮಗೆ ನೋಟಿಸ್ ಕೊಡುತ್ತಿದ್ದೇನೆ. ಆಯೋಗದ ಮುಂದೆ ಅದನ್ನು ಮೊದಲಿನಿಂದ ಕೊನೆಯವರೆಗೆ, ನಿಮ್ಮ ಜಾಹೀರಾತಿನ ಹಾಡೂ ಸೇರಿದಂತೆ ಕೇಳಿಸಬೇಕೆಂದು ಕೋರುತ್ತೇನೆ. ನೀವೂ ಅಂದು ಖುದ್ದಾಗಿ ಹಾಜರಿರಿ.

ಇಂತಿ,
ನಿಮ್ಮ ‘ಜೋಡಿ ಪ್ಯಾಕೇಜ್’ ಗ್ರಾಹಕರು
(ಪತಿ, ಪತ್ನಿ ಇಬ್ಬರ ಸಹಿ)
ಹಾಸನ

ಲಗತ್ತು: ವಿವರಪಟ್ಟಿ, ಹಣ ಪಾವತಿಯ ರಸೀದಿ, ನೀವು ಕೊಟ್ಟ ಮತ್ತು ನಾವು ಕೊಂಡ ಪಾಸ್‌ಗಳ ಪ್ರತಿ, ಸ್ಥಳೀಯ ಪ್ರತಿನಿಧಿಯ ಸಂದೇಶದ ಪ್ರತಿ.